ಸೈನ್ಯ ಬೇಡವೆಂದ ಅಧ್ಯಕ್ಷ: ಟೋಗೋದ ಸಿಲ್ವಾನಸ್ ಒಲಿಂಪಿಯೋ

ದೊಡ್ಡ ರಾಜ್ಯಗಳು ಸಣ್ಣ ರಾಜ್ಯಗಳಿಗೆ ಅಭಯ ನೀಡುವುದು ಲೋಕದಲ್ಲಿ ಹಳೆಯ ವಾಡಿಕೆ. ಆದರೆ ಆ ಅಭಯಹಸ್ತದ ನೆರಳು ಯಾರ ತಲೆಯ ಮೇಲೆ ಬೀಳಬೇಕು, ಯಾರ ತಲೆಯ ಮೇಲೆ ಬೀಳಬಾರದು ಎಂಬುದನ್ನು ತೀರ್ಮಾನಿಸುವವರು ಅಭಯ ಬೇಡಿದವರಲ್ಲ, ಕೊಡುವವರು. ಪಶ್ಚಿಮ ಆಫ್ರಿಕದ ಟೋಗೋ ಎಂಬ ಪುಟ್ಟ ದೇಶದ ಮೊದಲನೆಯ ಅಧ್ಯಕ್ಷನಾದ ಸಿಲ್ವಾನಸ್ ಒಲಿಂಪಿಯೋನ ಬಾಳು ಈ ಮಾತಿಗೆ ನಿದರ್ಶನವಾಗಿದೆ. ಲೆಕ್ಕಪತ್ರದಲ್ಲಿ ನಿಷ್ಣಾತನಾಗಿ, ಒಂದು ಕಾಸೂ ದುಂದಾಗದಂತೆ ದೇಶದ ಮನೆವಾರ್ತೆಯನ್ನು ನಡೆಸಿ, ಬಡ ನಾಡಿಗೆ ಸೈನ್ಯದ ಭಾರ ಬೇಡವೆಂದು ನಿಶ್ಚಯಿಸಿದವನು ಆತ. ಕಡೆಗೆ ಪರರಾಜ್ಯವೊಂದು ಪಳಗಿಸಿ ಬಿಟ್ಟ ಸಿಪಾಯಿಗಳ ಗುಂಡಿಗೆ ತಾನೇ ಬಲಿಯಾದನು. 1963ರ ಜನವರಿ 13ರಂದು ನಡೆದ ಆ ಕೊಲೆಯು, ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಹೊಸದಾಗಿ ಸ್ವತಂತ್ರವಾದ ರಾಷ್ಟ್ರಗಳಲ್ಲಿ ಅಧ್ಯಕ್ಷನೊಬ್ಬನು ಸೈನಿಕ ದಂಗೆಯಲ್ಲಿ ಹತನಾದ ಮೊದಲನೆಯ ಪ್ರಸಂಗ. ಮುಂದೆ ಆ ಖಂಡದಲ್ಲಿ ಸಾಲುಸಾಲಾಗಿ ನಡೆದ ಸೈನಿಕ ಕ್ರಾಂತಿಗಳಿಗೆ ಅದೇ ಮೇಲ್ಪಂಕ್ತಿಯಾಯಿತು.

ಮೂರು ಬಾವುಟಗಳನ್ನು ಕಂಡ ನಾಡು

ಟೋಗೋ ದೇಶವು ನಕ್ಷೆಯಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಪಶ್ಚಿಮಕ್ಕೆ ಘಾನಾ, ಪೂರ್ವಕ್ಕೆ ಹಿಂದೆ ದಹೋಮಿ ಎಂದೂ ಈಗ ಬೆನಿನ್ ಎಂದೂ ಕರೆಯಲ್ಪಡುವ ರಾಜ್ಯ; ಇವೆರಡರ ನಡುವೆ ಕೋಲಿನಂತೆ ಉದ್ದಕ್ಕೆ ಚಾಚಿಕೊಂಡಿರುವ ಭೂಮಿ ಅದು. ಅದರ ಸಮುದ್ರ ತೀರವು ಮಂಗಳೂರಿನಿಂದ ಉಡುಪಿಗೆ ಇರುವಷ್ಟು ದೂರ ಮಾತ್ರ. ಒಟ್ಟು ವಿಸ್ತೀರ್ಣ ಸುಮಾರು 57,000 ಚದರ ಕಿಲೋಮೀಟರು. ಅಂದರೆ ಇಂದಿನ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ತೀರದಲ್ಲಿ ತೆಂಗು, ತಾಳೆ. ಒಳನಾಡಿನ ಗುಡ್ಡಗಳಲ್ಲಿ ಕಾಫಿ, ಕೋಕೋ. ಉತ್ತರಕ್ಕೆ ಹೋದಂತೆ ಒಣನೆಲ. ದಕ್ಷಿಣದಲ್ಲಿ ಎವೆ ಜನ, ಉತ್ತರದ ಗುಡ್ಡಗಾಡಿನಲ್ಲಿ ಕಾಬ್ಯೆ ಜನ ಮುಖ್ಯರು.

1884ರಲ್ಲಿ ಈ ನಾಡಿನ ಮೇಲೆ ಜರ್ಮನಿಯ ಬಾವುಟವೇರಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಆಂಗ್ಲರೂ ಫ್ರೆಂಚರೂ ಎರಡು ಕಡೆಗಳಿಂದ ನುಗ್ಗಿ ಅದನ್ನು ವಶಪಡಿಸಿಕೊಂಡು, ನಡುವೆ ಗೆರೆ ಎಳೆದು ಹಂಚಿಕೊಂಡರು. ಪಶ್ಚಿಮದ ಕಿರಿಯ ಪಾಲು ಆಂಗ್ಲರಿಗೆ, ಪೂರ್ವದ ಹಿರಿಯ ಪಾಲು ಫ್ರೆಂಚರಿಗೆ. ಮೊದಲು ರಾಷ್ಟ್ರಸಂಘದ ಹೆಸರಿನಲ್ಲಿ, ಎರಡನೆಯ ಮಹಾಯುದ್ಧದ ತರುವಾಯ ವಿಶ್ವಸಂಸ್ಥೆಯ ಧರ್ಮದರ್ಶಿತ್ವದ ಹೆಸರಿನಲ್ಲಿ ಈ ಹಂಚಿಕೆ ಮುಂದುವರಿಯಿತು. ಎವೆ ಜನರ ಒಂದೇ ಮನೆತನದ ಅಣ್ಣ ಆಂಗ್ಲರ ಪ್ರಜೆಯೂ ತಮ್ಮ ಫ್ರೆಂಚರ ಪ್ರಜೆಯೂ ಆಗುವ ಪರಿಸ್ಥಿತಿ ಒದಗಿತು.

ಕಂಪನಿಯ ನೌಕರ

ಒಲಿಂಪಿಯೋ ಜನಿಸಿದುದು 1902ರ ಸೆಪ್ಟೆಂಬರ್ 6ರಂದು, ಜರ್ಮನರ ಆಳ್ವಿಕೆಯ ಕಾಲದಲ್ಲಿ. ಆತನ ಪೂರ್ವಿಕರು ಬ್ರೆಜಿಲಿನಿಂದ ಬಂದು ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ವ್ಯಾಪಾರಕ್ಕೆ ನಿಂತವರು. ದಹೋಮಿಯ ಗಡಿಯಲ್ಲಿರುವ ಅಗೂಯೆ ಎಂಬ ಕಡಲೂರು ಆ ಮನೆತನದ ಮೂಲಸ್ಥಾನ. ಆತನ ದೊಡ್ಡವರಲ್ಲೊಬ್ಬನಾದ ಆಕ್ಟವಿಯಾನೋ ಒಲಿಂಪಿಯೋ ರಾಜಧಾನಿ ಲೋಮೆಯ ಅತ್ಯಂತ ಸಿರಿವಂತ ವರ್ತಕರಲ್ಲಿ ಎಣಿಕೆಯಾಗಿದ್ದನು. ಹೀಗೆ ಅಂಗಡಿ, ದಾಸ್ತಾನು, ಲೆಕ್ಕದ ಪುಸ್ತಕಗಳ ನಡುವೆಯೇ ಬಾಲಕನು ಬೆಳೆದನು. ಮನೆಮಾತಿನ ಜೊತೆಗೆ ಜರ್ಮನ್, ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಭಾಷೆಗಳೂ ಆತನಿಗೆ ಕರಗತವಾದುವು. ಮೂರು ಒಡೆಯರನ್ನು ಕಂಡ ನಾಡಿನಲ್ಲಿ ಬಹುಭಾಷಾ ಪಾಂಡಿತ್ಯವು ಅಲಂಕಾರವಲ್ಲ, ಬದುಕುವ ಉಪಾಯ.

ಉಚ್ಚ ಶಿಕ್ಷಣಕ್ಕಾಗಿ ಆತ ಇಂಗ್ಲೆಂಡಿಗೆ ಹೋದನು. ನಮ್ಮ ಡಾಕ್ಟರ್ ಅಂಬೇಡ್ಕರ್ ಅವರು ಕೆಲವೇ ವರ್ಷಗಳ ಹಿಂದೆ ವ್ಯಾಸಂಗ ಮಾಡಿದ್ದ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಸಂಸ್ಥೆಯಲ್ಲಿಯೇ ಓದಿ 1926ರಲ್ಲಿ ಪದವೀಧರನಾದನು. ಬಳಿಕ, ಸನ್‌ಲೈಟ್ ಸಾಬೂನಿನ ಮೂಲಕ ನಮ್ಮ ದೇಶದಲ್ಲಿಯೂ ಮನೆಮಾತಾದ ಲಿವರ್ ಸಮೂಹಕ್ಕೆ ಸೇರಿದ ಆಫ್ರಿಕದ ವ್ಯಾಪಾರ ಕಂಪನಿಯಲ್ಲಿ ನೌಕರಿಗೆ ಸೇರಿದನು. ಹೊಟ್ಟೆಪಾಡು ಆತನನ್ನು ಮೊದಲು ನೈಜೀರಿಯಕ್ಕೆ, ಆಮೇಲೆ ಗೋಲ್ಡ್ ಕೋಸ್ಟಿಗೆ ಒಯ್ದಿತು. ಪರಸ್ಥಳದಲ್ಲಿ ದುಡಿದು, ಮೇಲಿನವರ ವಿಶ್ವಾಸ ಗಳಿಸಿ, ಕಡೆಗೆ ತಾಯ್ನಾಡಿಗೆ ಮರಳಿ, 1930ರ ದಶಕ ಮುಗಿಯುವ ಮೊದಲೇ ಯುನೈಟೆಡ್ ಆಫ್ರಿಕಾ ಕಂಪನಿಯ ಟೋಗೋ ಶಾಖೆಯ ಮುಖ್ಯ ವ್ಯವಸ್ಥಾಪಕನಾದನು. ಆಫ್ರಿಕದವನೊಬ್ಬನು ಬಿಳಿಯರ ಕಂಪನಿಯಲ್ಲಿ ಅಂತಹ ಸ್ಥಾನಕ್ಕೇರುವುದು ಆ ಕಾಲದಲ್ಲಿ ಅತಿ ವಿರಳವಾಗಿತ್ತು.

ಜಮಾ ಎಷ್ಟು, ಖರ್ಚು ಎಷ್ಟು, ಸಾಲ ಯಾರದು, ಬಡ್ಡಿ ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಕಂಪನಿ ನೌಕರನ ಕಣ್ಣು ಆತನಿಗೆ ಕಡೆಯವರೆಗೂ ಉಳಿಯಿತು. ಆತನ ರಾಜಕಾರಣದ ಗುಣವೂ ಅದರಿಂದ ಬಂದುದೇ, ದೋಷವೂ ಅದರಿಂದ ಬಂದುದೇ.

ವಿಶ್ವಸಂಸ್ಥೆಯ ಬಾಗಿಲಲ್ಲಿ

1940ರಲ್ಲಿ ಫ್ರಾನ್ಸು ಹಿಟ್ಲರನಿಗೆ ಶರಣಾದ ಮೇಲೆ ಅದರ ಪಶ್ಚಿಮ ಆಫ್ರಿಕದ ಪ್ರಾಂತಗಳು ವಿಷಿ ಸರಕಾರದ ಕೈಕೆಳಗೆ ಉಳಿದವು. ಆಂಗ್ಲರ ಕಂಪನಿಯ ಮುಖ್ಯಸ್ಥನಾದ ಒಲಿಂಪಿಯೋ ಆ ಸರಕಾರದ ಕಣ್ಣಿಗೆ ಸಂದೇಹಾಸ್ಪದನಾಗಿ ಕಂಡನು. 1942ರಲ್ಲಿ ಆತನನ್ನು ಹಿಡಿದು ದಹೋಮಿಯ ಉತ್ತರದ ಜುಗೂ ಪಟ್ಟಣದಲ್ಲಿ ಬಂಧನದಲ್ಲಿಟ್ಟರು. ಅದುವರೆಗೆ ವ್ಯಾಪಾರದಲ್ಲಿಯೇ ಮುಳುಗಿದ್ದವನು ಸೆರೆಯಿಂದ ಹೊರಬಂದ ಮೇಲೆ ರಾಜಕಾರಣಕ್ಕೆ ಮನಸ್ಸು ಕೊಟ್ಟನು. ಟೋಗೋ ಐಕ್ಯ ಸಮಿತಿಯ ಮುಂದಾಳಾಗಿ 1946ರ ಚುನಾವಣೆಯಲ್ಲಿ ಪಕ್ಷವನ್ನು ಗೆಲ್ಲಿಸಿ, ಪ್ರಾಂತ ಸಭೆಯ ಅಧ್ಯಕ್ಷನಾದನು.

ಟೋಗೋ ಇತರ ವಸಾಹತುಗಳಂತಲ್ಲ. ಕಾನೂನಿನ ಪ್ರಕಾರ ಅದು ಫ್ರಾನ್ಸಿನ ಸ್ವತ್ತಲ್ಲ. ವಿಶ್ವಸಂಸ್ಥೆಯು ಫ್ರಾನ್ಸಿನ ಕೈಗೆ ಒಪ್ಪಿಸಿದ ನ್ಯಾಸ. ಈ ಒಂದು ಸೂಕ್ಷ್ಮವನ್ನು ಒಲಿಂಪಿಯೋ ಚೆನ್ನಾಗಿ ಹಿಡಿದನು. 1947ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಹೋಗಿ ಧರ್ಮದರ್ಶಿತ್ವ ಮಂಡಳಿಯ ಮುಂದೆ ನಿಂತು, ಎರಡಾಗಿ ಸೀಳಿದ ಎವೆ ಜನರನ್ನು ಒಂದುಗೂಡಿಸಬೇಕೆಂದು ಅಹವಾಲು ಹೇಳಿಕೊಂಡನು. ಆಳಿಸಿಕೊಳ್ಳುವ ಜನರ ಪರವಾಗಿ ಆ ಮಂಡಳಿಯ ಮುಂದೆ ಖುದ್ದಾಗಿ ನಿಂತು ಮಾತನಾಡಿದ ಮೊದಲಿಗನೇ ಆತ. ಆ ಮೇಲೆ ಆತ ವರ್ಷವರ್ಷವೂ ಹೋದನು. ಗಲಭೆಯಿಲ್ಲ, ಕೂಗಾಟವಿಲ್ಲ; ಕೈಯಲ್ಲಿ ಕಾಗದಪತ್ರಗಳು, ಬಾಯಲ್ಲಿ ಅಂಕಿಸಂಖ್ಯೆಗಳು.

ಫ್ರೆಂಚರಿಗೆ ಇದು ಸಹಿಸಲಿಲ್ಲ. ಅವರು ನಿಕೊಲಾಸ್ ಗ್ರುನಿಟ್ಜ್ಕಿ ಎಂಬ ನಾಯಕನನ್ನೂ ಅವನ ಪಕ್ಷವನ್ನೂ ಬೆಂಬಲಿಸಿ ಬೆಳೆಸಿದರು. ಈ ಗ್ರುನಿಟ್ಜ್ಕಿಯು ಒಲಿಂಪಿಯೋನ ಮಡದಿಯಾದ ಡೀನಾಳ ಒಡಹುಟ್ಟಿದವನು. ಒಂದೇ ಮನೆಯ ಭಾವಮೈದುನರು ಎದುರುಬದುರಾಗಿ ನಿಂತರು. 1954ರಲ್ಲಿ ವಿದೇಶೀ ಹಣದ ಕಾಯಿದೆಯನ್ನು ಮುರಿದನೆಂಬ ಮೊಕದ್ದಮೆಯಲ್ಲಿ ಒಲಿಂಪಿಯೋನಿಗೆ ದಂಡ ವಿಧಿಸಿ, 5 ವರ್ಷಗಳ ಕಾಲ ಚುನಾವಣೆಗೆ ನಿಲ್ಲುವ ಹಕ್ಕನ್ನೂ ಕಸಿದುಕೊಂಡರು.

ಎರಡು ಟೋಗೋಗಳು ಒಂದಾಗುವ ಕನಸೂ ಮುರಿಯಿತು. 1956ರ ಮೇ ತಿಂಗಳಲ್ಲಿ ಆಂಗ್ಲರ ಪಾಲಿನಲ್ಲಿ ಜನಮತಗಣನೆ ನಡೆದು, ಒಟ್ಟು ಮತಗಳಲ್ಲಿ ಹೆಚ್ಚಿನವು ಗೋಲ್ಡ್ ಕೋಸ್ಟಿನೊಡನೆ ವಿಲೀನವಾಗುವುದರ ಪರವಾಗಿ ಬಿದ್ದವು; ದಕ್ಷಿಣದ ಎವೆ ಜಿಲ್ಲೆಗಳ ಬಹುಮತ ವಿರುದ್ಧವಾಗಿದ್ದರೂ ಫಲವಾಗಲಿಲ್ಲ. ಮರುವರ್ಷ ಆ ಭಾಗವು ಸ್ವತಂತ್ರ ಘಾನಾದ ಅಂಗವಾಯಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ ವರ್ಷವೇ ಎವೆ ಜನರ ನಾಡು ಶಾಶ್ವತವಾಗಿ ಎರಡಾಯಿತೆಂಬುದನ್ನು ನಮ್ಮ ವಾಚಕರು ಗಮನಿಸಬಹುದು.

ಆದರೆ ಫ್ರೆಂಚರ ಪಾಲಿನಲ್ಲಿ ಒಲಿಂಪಿಯೋನ ತಾಳ್ಮೆ ಫಲಿಸಿತು. 1958ರ ಏಪ್ರಿಲ್ 27ರಂದು ವಿಶ್ವಸಂಸ್ಥೆಯ ಪ್ರತಿನಿಧಿಯಾದ ಹೈಟಿ ದೇಶದ ಮ್ಯಾಕ್ಸ್ ಡೋರ್ಸಿನ್‌ವಿಲ್ ಎಂಬವನ ಮೇಲ್ವಿಚಾರಣೆಯಲ್ಲಿ ಚುನಾವಣೆ ನಡೆಯಿತು. ಶಿಕ್ಷೆಯ ಕಾರಣದಿಂದ ಒಲಿಂಪಿಯೋ ತಾನೇ ಅಭ್ಯರ್ಥಿಯಾಗುವಂತಿರಲಿಲ್ಲ. ಆದರೂ ಆತನ ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ನಿರ್ಬಂಧವನ್ನು ತೆಗೆದುಹಾಕಿ ಆತನನ್ನೇ ಸರಕಾರ ರಚಿಸಲು ಕರೆಯದೆ ಫ್ರೆಂಚರಿಗೆ ವಿಧಿಯಿರಲಿಲ್ಲ. ಸರಿಯಾಗಿ ಎರಡು ವರ್ಷಗಳಿಗೆ, 1960ರ ಏಪ್ರಿಲ್ 27ರಂದು ಟೋಗೋ ಸ್ವತಂತ್ರವಾಯಿತು.

ಹಾಸಿಗೆ ಇದ್ದಷ್ಟು ಕಾಲು

ಹೊಸ ಸರಕಾರದ ಬೊಕ್ಕಸ ಬಡವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಗಾದೆ. ಒಲಿಂಪಿಯೋನ ರಾಜ್ಯಭಾರದ ಸೂತ್ರವೂ ಅದೇ. ಅನ್ಯರ ಧರ್ಮದ ಹಣದಿಂದ ಮುಂಗಡಪತ್ರವನ್ನು ತುಂಬಿಸಿಕೊಳ್ಳುವ ರಾಜ್ಯಕ್ಕೆ ಸ್ವಾತಂತ್ರ್ಯವೆಂಬುದು ಬರಿಯ ಬಾವುಟವೆಂದು ಆತ ತಿಳಿದಿದ್ದನು. ಆದುದರಿಂದ ವೆಚ್ಚವನ್ನು ಬಿಗಿಹಿಡಿದು, ತೆರಿಗೆಗಳನ್ನು ಕಟ್ಟುನಿಟ್ಟಾಗಿ ವಸೂಲು ಮಾಡಿ, ಆಯವ್ಯಯವನ್ನು ಸರಿದೂಗಿಸಲು ಯತ್ನಿಸಿದನು. 1961ರಿಂದ ರಂಜಕದ ಅದಿರು ಹಡಗುಗಳಲ್ಲಿ ಹೊರದೇಶಗಳಿಗೆ ಹೋಗತೊಡಗಿ ಸ್ವಲ್ಪ ಆಸೆ ಹುಟ್ಟಿಸಿತು. ಫ್ರಾನ್ಸೊಂದನ್ನೇ ನೆಚ್ಚದೆ ಪಶ್ಚಿಮ ಜರ್ಮನಿಯೊಡನೆಯೂ ಅಮೆರಿಕದೊಡನೆಯೂ ಸ್ನೇಹ ಬೆಳೆಸಿದನು. 1962ರ ಮಾರ್ಚಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಕೆನಡಿಯ ಆದರಕ್ಕೆ ಪಾತ್ರನಾದನು.

ಇದೇ ಸಮಯದಲ್ಲಿ ಫ್ರಾನ್ಸು ತನ್ನ ಹಳೆಯ ವಸಾಹತುಗಳೊಡನೆ ಹೊಸ ಬಗೆಯ ಸಂಬಂಧವನ್ನು ಕಟ್ಟುತ್ತಿತ್ತು. ಬಾವುಟ ಇಳಿಯಿತು, ಆದರೆ ಹಗ್ಗ ಕೈಬಿಡಲಿಲ್ಲ. ಅಧ್ಯಕ್ಷ ದ ಗಾಲ್‌ನ ಬಲಗೈಯಾಗಿ ಜಾಕ್ ಫೊಕಾರ್ ಎಂಬವನು ಪ್ಯಾರಿಸಿನ ಕಚೇರಿಯಲ್ಲಿ ಕುಳಿತು ಆಫ್ರಿಕದ ವ್ಯವಹಾರಗಳನ್ನು ನಡೆಸುತ್ತಿದ್ದನು. ಆ ಸಂಬಂಧಕ್ಕೆ ಮೂರು ಎಳೆಗಳಿದ್ದುವು. ಮೊದಲನೆಯದು ನಾಣ್ಯ: ಹದಿನಾಲ್ಕು ಬಗೆಯ ಧ್ವಜಗಳಿದ್ದರೂ ಚಲಾವಣೆಯ ಹಣ ಫ್ರೆಂಚ್ ಫ್ರಾಂಕಿಗೆ ಗಂಟುಬಿದ್ದುದು. ಎರಡನೆಯದು ಸಲಹೆಗಾರರು: ಹೊಸ ಸೇನೆ, ಪೋಲೀಸು, ಕಚೇರಿಗಳಲ್ಲೆಲ್ಲ ಫ್ರೆಂಚ್ ಅಧಿಕಾರಿಗಳು. ಮೂರನೆಯದು ರಕ್ಷಣೆಯ ಒಪ್ಪಂದ.

ಈ ಮೂರನೆಯ ಎಳೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಉದಾಹರಣೆಗೆ, 1961ರ ಏಪ್ರಿಲಿನಲ್ಲಿ ಐವರಿ ಕೋಸ್ಟ್, ದಹೋಮಿ, ನೈಜರ್ ರಾಜ್ಯಗಳು ಫ್ರಾನ್ಸಿನೊಡನೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಹೊರಗಿನ ಶತ್ರು ಬಂದಾಗ ಮಾತ್ರವಲ್ಲ, ಒಳಗಿನ ಗಲಭೆಯಾದಾಗಲೂ ಸಹಾಯ ಬೇಡಲು ಇಂತಹ ಒಪ್ಪಂದಗಳಲ್ಲಿ ಎಡೆಯಿತ್ತು. ಪ್ರತಿಯಾಗಿ ಫ್ರೆಂಚ್ ಸೈನ್ಯಕ್ಕೆ ನೆಲೆ, ದಾರಿ, ಸೌಕರ್ಯಗಳು ದೊರೆಯುತ್ತಿದ್ದುವು. ಯುರೇನಿಯಮ್ಮಿನಂತಹ ಯುದ್ಧೋಪಯೋಗಿ ಖನಿಜಗಳ ವಿಷಯದಲ್ಲಿ ಫ್ರಾನ್ಸಿಗೆ ಅಗ್ರಸ್ಥಾನ ಸಲ್ಲುತ್ತಿತ್ತು. ಎಳೆಯ ರಾಜ್ಯಗಳಿಗೆ ಭದ್ರತೆ, ದೊಡ್ಡ ರಾಜ್ಯಕ್ಕೆ ಪ್ರಭಾವ. ವ್ಯಾಪಾರ ಎರಡು ಕಡೆಗೂ ಲಾಭವೆಂದೇ ಹೇಳಲಾಗುತ್ತಿತ್ತು.

ಒಲಿಂಪಿಯೋ ಈ ವ್ಯಾಪಾರಕ್ಕೆ ಒಳಬೀಳಲಿಲ್ಲ. ಫ್ರಾನ್ಸಿನೊಡನೆ ಜಗಳವಾಡದೆ, ಆದರೆ ಆತುರವನ್ನೂ ತೋರದೆ, ಒಪ್ಪಂದಗಳನ್ನು ಮುಂದೂಡುತ್ತ ಹೋದನು. 1962ರ ಮೇ ತಿಂಗಳಲ್ಲಿ ನೆರೆಯ ರಾಜ್ಯಗಳು ಪಶ್ಚಿಮ ಆಫ್ರಿಕದ ನಾಣ್ಯಸಂಘವನ್ನು ಸ್ಥಾಪಿಸಿದಾಗ ಟೋಗೋ ಅದರಲ್ಲಿ ಸೇರಲಿಲ್ಲ. ಅದೇ ಡಿಸೆಂಬರಿನಲ್ಲಿ ಟೋಗೋದ ವಿಧಾನಸಭೆಯು ಸ್ವಂತ ಕೇಂದ್ರ ಬ್ಯಾಂಕನ್ನು ಸ್ಥಾಪಿಸಲು ಕಾನೂನು ಮಾಡಿತು.

ಸೈನ್ಯದ ವಿಷಯದಲ್ಲಿಯೂ ಆತನದು ಲೆಕ್ಕಿಗನ ದೃಷ್ಟಿಯೇ. ದೇಶಕ್ಕಿದ್ದ ಸಿಪಾಯಿಗಳು ಸುಮಾರು 250 ಮಂದಿ. ಶಾಲೆ, ಆಸ್ಪತ್ರೆ, ರಸ್ತೆಗಳಿಗೇ ಹಣವಿಲ್ಲದಿರುವಾಗ ಇದಕ್ಕಿಂತ ಹೆಚ್ಚಿನ ಸೈನ್ಯ ಯಾತಕ್ಕೆ ಎಂಬುದು ಆತನ ಪ್ರಶ್ನೆ. ನೆರೆಯ ಘಾನಾವು ಯುದ್ಧಕ್ಕೆ ಬಂದರೆ 250 ಜನರಿಂದಲೂ ತಡೆಯಲಾಗದು, 1,000 ಜನರಿಂದಲೂ ತಡೆಯಲಾಗದು. ಈ ತರ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಅಪಾಯವು ಬಂದುದು ಗಡಿಯಾಚೆಯಿಂದಲ್ಲ.

ಆತನ ಲೋಪಗಳು

ಇಲ್ಲಿ ಆತನ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಪರರ ಅಧಿಕಾರವನ್ನು ನ್ಯಾಯಸಭೆಗಳಲ್ಲಿ ಪ್ರಶ್ನಿಸಿ ಬೆಳೆದವನು, ತನ್ನ ಅಧಿಕಾರವನ್ನು ಪ್ರಶ್ನಿಸುವವರನ್ನು ಸಹಿಸದಾದನು. 1961ರ ಏಪ್ರಿಲಿನ ಚುನಾವಣೆಯಲ್ಲಿ ವಿರೋಧಿಗಳ ಪಟ್ಟಿಯನ್ನು ತಿರಸ್ಕರಿಸಿದುದರಿಂದ ಒಲಿಂಪಿಯೋ ಎದುರಾಳಿಯಿಲ್ಲದೆ ಅಧ್ಯಕ್ಷನಾದನು; ಸಭೆಯ ಸ್ಥಾನಗಳೆಲ್ಲವೂ ಆತನ ಪಕ್ಷಕ್ಕೇ ಸಂದವು. ಸಂಚಿನ ಆಪಾದನೆ ಹೊರಿಸಿ ಹಲವರನ್ನು ಸೆರೆಮನೆಗೆ ತಳ್ಳಲಾಯಿತು. ಸ್ವಾತಂತ್ರ್ಯದ ಹೋರಾಟದಲ್ಲಿ ಹೆಗಲು ಕೊಟ್ಟ ತರುಣರ ಸಂಘವಾದ ಜುವೆಂಟೋ ಕೂಡ ಉಳಿಯಲಿಲ್ಲ. 1962ರ ಆರಂಭದ ಹೊತ್ತಿಗೆ ವಿರೋಧ ಪಕ್ಷಗಳೆಲ್ಲ ವಿಸರ್ಜಿತವಾಗಿದ್ದುವು. ನೂರಾರು ಜನರು ಗಡಿ ದಾಟಿ ಘಾನಾಕ್ಕೂ ದಹೋಮಿಗೂ ಓಡಿದರು.

ಘಾನಾದ ಎನ್‌ಕ್ರೂಮನಿಗೂ ಆತನಿಗೂ ಹಳೆಯ ಸ್ನೇಹ ಕೆಟ್ಟಿತ್ತು. ಟೋಗೋ ದೇಶವು ತನ್ನ ರಾಜ್ಯದಲ್ಲಿ ಸೇರಬೇಕೆಂದು ಎನ್‌ಕ್ರೂಮನ ಹಟ. ಸೇರುವುದಿಲ್ಲವೆಂದು ಒಲಿಂಪಿಯೋನ ಪಟ್ಟು. ಗಡಿಯನ್ನು ಮುಚ್ಚಿದುದರಿಂದ ಸಣ್ಣ ವ್ಯಾಪಾರಿಗಳ ಬಾಳು ಗೋಳಾಯಿತು. ಉತ್ತರದ ಜನರಿಗೆ, ಅಧಿಕಾರವೂ ವಿದ್ಯೆಯೂ ವ್ಯಾಪಾರವೂ ದಕ್ಷಿಣದವರ ಪಾಲಾಯಿತೆಂಬ ಅಸಮಾಧಾನವಿತ್ತು. ಅಧ್ಯಕ್ಷನ ಜಮಾಖರ್ಚು ಸರಿಯಾಗಿತ್ತು. ಜನರ ಮನಸ್ಸಿನ ಜಮಾಖರ್ಚು ಸರಿಯಾಗಿರಲಿಲ್ಲ.

ಊರಿಗೆ ಮರಳಿದ ಸಿಪಾಯಿಗಳು

ಉತ್ತರದ ಕಾಬ್ಯೆ ಜನರ ಗುಡ್ಡಗಳು ಬಂಜರು. ಅಲ್ಲಿನ ತರುಣರು ತಲೆತಲಾಂತರದಿಂದ ಕೂಲಿಗಾಗಿ ದಕ್ಷಿಣಕ್ಕೆ ಇಳಿಯುತ್ತಿದ್ದರು. ಇಲ್ಲವೆ ಫ್ರೆಂಚ್ ಸೈನ್ಯಕ್ಕೆ ಸೇರುತ್ತಿದ್ದರು. ಹೀಗೆ ಸೇರಿದವರು ಫ್ರಾನ್ಸಿನ ಪರವಾಗಿ ಇಂಡೋಚೀನದ ಕಾಡುಗಳಲ್ಲಿ ಕಾದಾಡಿದರು, ಅಲ್ಜೀರಿಯದ ಬೆಟ್ಟಗಳಲ್ಲಿ ಕಾದಾಡಿದರು. 1962ರಲ್ಲಿ ಅಲ್ಜೀರಿಯದ ಯುದ್ಧ ಮುಗಿಯಿತು. ಫ್ರಾನ್ಸು ತನ್ನ ಸೈನ್ಯವನ್ನು ಇಳಿಸತೊಡಗಿ, ಆಫ್ರಿಕದ ಸಿಪಾಯಿಗಳನ್ನು ಬಿಡುಗಡೆ ಮಾಡಿ ಅವರವರ ಊರಿಗೆ ಕಳುಹಿಸಿತು. ಟೋಗೋಕ್ಕೂ ನೂರಾರು ಜನರು ಮರಳಿದರು.

ಅವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ವರ್ಷಗಟ್ಟಲೆ ಪರಸ್ಥಳದಲ್ಲಿ ದುಡಿದು ಬಂದವರು. ಬಂದೂಕು ಹಿಡಿಯುವುದೊಂದನ್ನುಳಿದು ಬೇರೆ ಕಸಬು ಅರಿಯದವರು. ತಿಂಗಳ ಸಂಬಳಕ್ಕೆ ಒಗ್ಗಿದವರು. ಊರಿನಲ್ಲಿ ಹೊಲವಿಲ್ಲ, ಪಟ್ಟಣದಲ್ಲಿ ಕೆಲಸವಿಲ್ಲ. ತಮ್ಮನ್ನು ಟೋಗೋದ ಸೈನ್ಯಕ್ಕೆ ಸೇರಿಸಿಕೊಳ್ಳಬೇಕೆಂದು ಅವರು ಬೇಡಿಕೊಂಡರು. ಎಮ್ಯಾನುಯೆಲ್ ಬೊಜೊಲೆ ಎಂಬವನು ಅವರ ಮುಂದಾಳು. ಅವರಲ್ಲಿ ಎತಿಯೆನ್ ಎಯಡೆಮಾ ಎಂಬ ಹವಾಲ್ದಾರನೂ ಒಬ್ಬ.

ಒಲಿಂಪಿಯೋ ಒಪ್ಪಲಿಲ್ಲ. ಹಣವಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣ ಹೃದಯದ್ದು: ಅಲ್ಜೀರಿಯದ ಜನರು ಸ್ವಾತಂತ್ರ್ಯಕ್ಕಾಗಿ ಸಾಯುತ್ತಿದ್ದಾಗ ಪರರ ಸಂಬಳಕ್ಕಾಗಿ ಅವರ ಮೇಲೆ ಗುಂಡು ಹಾರಿಸಿದವರು ಇವರು, ಬಾಡಿಗೆಯ ಭಟರು ಎಂದು ಆತನ ಭಾವನೆ. ಮೊದಲ ಮನವಿಯನ್ನು ತಳ್ಳಿದನು. 1963ರ ಜನವರಿಯ ಮೊದಲ ವಾರದ ಸುಮಾರಿಗೆ ಬಂದ ಮನವಿಯನ್ನೂ ತಳ್ಳಿದನು. ನ್ಯಾಯವಾಗಿ ನೋಡಿದರೆ ಆ ಸಿಪಾಯಿಗಳಿಗೆ ಋಣಿಯಾದುದು ಅವರಿಂದ ಕೆಲಸ ತೆಗೆದುಕೊಂಡ ಫ್ರಾನ್ಸು. ಆದರೆ ಸಾಲಗಾರನು ಪ್ಯಾರಿಸಿನಲ್ಲಿದ್ದನು. ವಸೂಲಿಗೆ ನಿಂತವರು ಲೋಮೆಯಲ್ಲಿದ್ದರು.

ಜನವರಿ 13

ಜನವರಿ 12ರ ಶನಿವಾರ ರಾತ್ರಿ ಕಳೆದು ಭಾನುವಾರ ಹುಟ್ಟುವ ಹೊತ್ತಿನಲ್ಲಿ ಸಿಪಾಯಿಗಳು ಅಧ್ಯಕ್ಷನ ಮನೆಗೆ ನುಗ್ಗಿದರು. ಆ ಮನೆ ಅರಮನೆಯಲ್ಲ, ಬಲವಾದ ಕಾವಲೂ ಅಲ್ಲಿರಲಿಲ್ಲ. ಪಕ್ಕದಲ್ಲಿಯೇ ಅಮೆರಿಕದ ರಾಯಭಾರಿ ಕಚೇರಿ. ಅರುವತ್ತು ವರ್ಷ ದಾಟಿದ ಒಲಿಂಪಿಯೋ ಕತ್ತಲಲ್ಲಿ ಗೋಡೆ ಹತ್ತಿ ಆ ಅಂಗಳಕ್ಕೆ ಇಳಿದು, ಅಲ್ಲಿ ನಿಂತಿದ್ದ ಮೋಟಾರು ಗಾಡಿಯೊಳಗೆ ಅಡಗಿಕೊಂಡನು. ಬೆಳಕು ಹರಿಯುವಾಗ ಸಿಪಾಯಿಗಳಿಗೆ ಸುಳಿವು ದೊರೆಯಿತು. ಆತನನ್ನು ಹೊರಕ್ಕೆ ಎಳೆತಂದರು. ರಾಯಭಾರಿ ಕಚೇರಿಯ ಬಾಗಿಲಿನಿಂದ ಕೆಲವೇ ಅಡಿಗಳ ದೂರದಲ್ಲಿ ಗುಂಡುಗಳು ಹಾರಿದುವು. ಬೆಳಗಿನ 7 ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು.

ಆತನನ್ನು ಕೊಂದವನು ತಾನೇ ಎಂದು ಎಯಡೆಮಾ ಆ ದಿನಗಳಲ್ಲಿ ವಿದೇಶೀ ಪತ್ರಕರ್ತರ ಮುಂದೆ ಹೇಳಿಕೊಂಡನು, ಕಾಲಾನಂತರದಲ್ಲಿ ಇಲ್ಲವೆಂದನು. ಮೊದಲು ಸಂಶಯವು ಎನ್‌ಕ್ರೂಮನ ಮೇಲೆ ಬಿದ್ದಿತು. ಆಮೇಲೆ ಹಲವರ ದೃಷ್ಟಿ ಫ್ರಾನ್ಸಿನ ಕಡೆಗೆ ತಿರುಗಿತು. ಸ್ವಂತ ನಾಣ್ಯದ ಕಾನೂನು ಆದ ಒಂದೇ ತಿಂಗಳಲ್ಲಿ ಕೊಲೆ ನಡೆದುದನ್ನು ಅವರು ಎತ್ತಿ ತೋರಿಸುತ್ತಾರೆ. ಸಂಶಯ ಬೇರೆ, ಸಾಬೀತು ಬೇರೆ. ಆದರೆ ಸಾಬೀತು ಬೇಕಿಲ್ಲದ ಸಂಗತಿಗಳೂ ಇವೆ. ಆ ಸಿಪಾಯಿಗಳಿಗೆ ಬಂದೂಕು ಕಲಿಸಿದವರು ಫ್ರೆಂಚರು. ಯುದ್ಧ ಮುಗಿದ ಮೇಲೆ ಅವರನ್ನು ಬಡ ಟೋಗೋದ ಅಂಗಳದಲ್ಲಿ ಬಿಟ್ಟವರೂ ಫ್ರೆಂಚರೇ. ಟೋಗೋದೊಡನೆ ರಕ್ಷಣಾ ಒಪ್ಪಂದವಿರಲಿಲ್ಲ. ಫ್ರೆಂಚ್ ಸೈನ್ಯ ಕದಲಲಿಲ್ಲ.

ಒಲಿಂಪಿಯೋನ ಸ್ಥಾನದಲ್ಲಿ ದಂಗೆಕೋರರು ಕರೆತಂದು ಕೂರಿಸಿದುದು ಆತನ ಭಾವಮೈದುನ ಗ್ರುನಿಟ್ಜ್ಕಿಯನ್ನೇ. ಅದೇ ವರ್ಷದ ಜುಲೈ 10ರಂದು ಗ್ರುನಿಟ್ಜ್ಕಿಯ ಸರಕಾರವು ಫ್ರಾನ್ಸಿನೊಡನೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ವರ್ಷ ಮುಗಿಯುವ ಮೊದಲೇ ಟೋಗೋ ನಾಣ್ಯಸಂಘವನ್ನು ಸೇರಿತು. ಹಣವಿಲ್ಲವೆಂದು ಬಾಗಿಲು ಮುಚ್ಚಿದ್ದ ಸೈನ್ಯವು ಮೂರು ವರ್ಷಗಳಲ್ಲಿ 250ರಿಂದ ಸುಮಾರು 1,200ಕ್ಕೆ ಬೆಳೆಯಿತು.

ಆಫ್ರಿಕದ ಇತರ ನಾಯಕರು ಬೆಚ್ಚಿಬಿದ್ದರು. ಅವರೆಲ್ಲರ ಮನೆಬಾಗಿಲಲ್ಲಿಯೂ ಇಂತಹದೇ ಸಿಪಾಯಿಗಳಿದ್ದರಷ್ಟೆ! 1963ರ ಮೇ ತಿಂಗಳಲ್ಲಿ ಆಡಿಸ್ ಅಬಾಬದಲ್ಲಿ ಆಫ್ರಿಕದ ಐಕ್ಯ ಸಂಸ್ಥೆ ಸ್ಥಾಪಿತವಾದಾಗ ಟೋಗೋದ ಹೊಸ ಸರಕಾರಕ್ಕೆ ಅಲ್ಲಿ ಸ್ಥಾನ ದೊರೆಯಲಿಲ್ಲ. ರಾಜಕೀಯ ಕೊಲೆಯನ್ನು ಯಾವ ರೂಪದಲ್ಲಿಯೂ ಒಪ್ಪುವುದಿಲ್ಲವೆಂಬ ತತ್ತ್ವವನ್ನು ಸಂಸ್ಥೆಯ ಸನ್ನದಿನಲ್ಲಿಯೇ ಬರೆದರು. ಒಲಿಂಪಿಯೋನಿಗೆ ಖಂಡವು ಸಲ್ಲಿಸಿದ ಶ್ರದ್ಧಾಂಜಲಿ ಅದು.

ಅಭಯದ ಲೆಕ್ಕ

ಮುಂದಿನ ವರುಷಗಳು ದೊಡ್ಡ ರಾಜ್ಯದ ಅಭಯದ ಲೆಕ್ಕವನ್ನು ಇನ್ನೂ ಸ್ಪಷ್ಟವಾಗಿ ಬಿಡಿಸಿಟ್ಟವು. 1963ರ ಆಗಸ್ಟಿನಲ್ಲಿ ಮಧ್ಯ ಆಫ್ರಿಕದ ಕಾಂಗೋ ಬ್ರಾಜವಿಲ್‌ನಲ್ಲಿ ಜನರು ಬೀದಿಗಿಳಿದಾಗ, ಅಧ್ಯಕ್ಷ ಯೂಲೂ ಫ್ರಾನ್ಸಿನ ಮಿತ್ರನಾಗಿದ್ದರೂ ದ ಗಾಲ್ ಅವನನ್ನು ಉಳಿಸಲಿಲ್ಲ. ಆರು ತಿಂಗಳ ಬಳಿಕ, 1964ರ ಫೆಬ್ರವರಿಯಲ್ಲಿ, ಪಕ್ಕದ ಗಾಬೋನಿನಲ್ಲಿ ಸೈನಿಕರು ಅಧ್ಯಕ್ಷ ಎಂಬಾನನ್ನು ಹಿಡಿದಾಗ ಫ್ರೆಂಚ್ ಪಡೆಗಳು ವಿಮಾನದಲ್ಲಿ ಬಂದಿಳಿದು ಅವನನ್ನು ಮತ್ತೆ ಪೀಠದ ಮೇಲೆ ಕೂರಿಸಿದವು. ಗಾಬೋನಿನಲ್ಲಿ ಯುರೇನಿಯಮ್ ಇತ್ತು, ಎಣ್ಣೆಯಿತ್ತು. ಒಪ್ಪಂದವಿದ್ದರೂ ಸಹಾಯ ಬರುವುದೆಂಬ ಭರವಸೆಯಿಲ್ಲ. ಬರುವುದು ಬೇಡಿದವನ ಅಗತ್ಯದಿಂದಲ್ಲ, ಬರುವವನ ಅಗತ್ಯದಿಂದ.

ಟೋಗೋದ ಕಥೆ ಅಲ್ಲಿಗೂ ಮುಗಿಯಲಿಲ್ಲ. 1967ರಲ್ಲಿ, ಅದೇ ಜನವರಿ 13ರಂದು, ಸೈನ್ಯವು ಗ್ರುನಿಟ್ಜ್ಕಿಯನ್ನೂ ಇಳಿಸಿತು. ಏಪ್ರಿಲಿನಲ್ಲಿ ಎಯಡೆಮಾ ಅಧ್ಯಕ್ಷನಾದನು. ಮುಂದೆ 38 ವರ್ಷಗಳ ಕಾಲ, 2005ರ ಫೆಬ್ರವರಿಯಲ್ಲಿ ಸಾಯುವವರೆಗೂ ಅವನೇ ಆಳಿದನು; ಅವನ ತರುವಾಯ ಅವನ ಮಗ ಪಟ್ಟಕ್ಕೆ ಬಂದನು. ಅಧ್ಯಕ್ಷನ ಕೊಲೆಯಾದ ಜನವರಿ 13ನ್ನೇ ಅವನು ವಿಮೋಚನೆಯ ದಿನವೆಂದು ರಾಷ್ಟ್ರೀಯ ಹಬ್ಬವಾಗಿ ಆಚರಿಸಿದನು. 1986ರ ಸೆಪ್ಟೆಂಬರಿನಲ್ಲಿ ಲೋಮೆಯಲ್ಲಿ ಎಯಡೆಮಾನ ಮೇಲೆ ಸಶಸ್ತ್ರ ದಾಳಿ ನಡೆದಾಗ ಫ್ರೆಂಚ್ ಪಡೆಗಳೂ ಯುದ್ಧವಿಮಾನಗಳೂ ತಡಮಾಡದೆ ಬಂದುವು. 1963ರಲ್ಲಿ ಒಲಿಂಪಿಯೋನ ಪಾಲಿಗೆ ಬಾರದ ಅಭಯವು, ಅಂದು ಆತನನ್ನು ಕೊಂದ ಗುಂಪಿನವನ ಪಾಲಿಗೆ ಬಂದಿತು.

ಆ ಹಳೆಯ ವ್ಯವಸ್ಥೆಯೂ ಈಗ ಕಳಚಿಬೀಳುತ್ತಿದೆ. 2013ರಲ್ಲಿ ಮಾಲಿ ದೇಶದ ರಕ್ಷಣೆಗೆಂದು ಬಂದ ಫ್ರೆಂಚ್ ಸೈನ್ಯವು 2022ರಲ್ಲಿ ಅಲ್ಲಿಂದ ಹೊರಟಿತು. 2023ರಲ್ಲಿ ಬುರ್ಕಿನಾ ಫಾಸೋ ಮತ್ತು ನೈಜರ್‌ಗಳಿಂದ, 2025ರಲ್ಲಿ ಸೆನೆಗಾಲಿನಿಂದ ನಿರ್ಗಮಿಸಿತು. ಮೊದಲ ಮೂರು ದೇಶಗಳಲ್ಲಿಯೂ ಹೊರಡಲು ಹೇಳಿದವರು ಸೈನಿಕ ಕ್ರಾಂತಿಯಿಂದ ಅಧಿಕಾರ ಹಿಡಿದವರು. ಒಬ್ಬ ಕಾವಲುಗಾರ ಹೋದ ಕಡೆ ಇನ್ನೊಬ್ಬ ಬಂದು ನಿಲ್ಲುವುದೂ ಉಂಟು; ಮಾಲಿಯಲ್ಲಿ ರಷ್ಯದ ಭಟರು ಬಂದಿಳಿದರು. ಬೇಲಿಯೇ ಎದ್ದು ಹೊಲ ಮೇಯುವ ಭಯವಂತೂ ಆ ನಾಡುಗಳನ್ನು ಬಿಟ್ಟಿಲ್ಲ.

ಒಲಿಂಪಿಯೋನ ದೇಹವನ್ನು ತಾನು ಕಟ್ಟಿದ ರಾಷ್ಟ್ರದಲ್ಲಿ ಮಣ್ಣು ಮಾಡಲಾಗಲಿಲ್ಲ. ಗಡಿಯಾಚೆ ಅಗೂಯೆಯಲ್ಲಿ, ಹಿರಿಯರ ಸಮಾಧಿಗಳ ಬಳಿಯಲ್ಲಿ ಆತ ಮಲಗಿದ್ದಾನೆ. ದೇಶದ ಬಡತನವನ್ನು ಅರಿತು ಆಳಿದವನು, ಸೆರೆಮನೆಗಳನ್ನು ತುಂಬಿ ತನ್ನವರನ್ನೇ ದೂರಮಾಡಿಕೊಂಡನು. ಹಸಿದ ಸಿಪಾಯಿಯ ಮನವಿಯಲ್ಲಿ ವೆಚ್ಚವನ್ನು ಕಂಡನು, ಅವನ ಹಸಿವನ್ನು ಕಾಣಲಿಲ್ಲ. ಇವು ಆತನ ತಪ್ಪುಗಳು. ಆದರೆ ಬಡ ರಾಜ್ಯದ ಹಣ ಬಂದೂಕಿಗಿಂತ ಮೊದಲು ಶಾಲೆಗೆ ಸಲ್ಲಬೇಕೆಂಬ ಆತನ ಎಣಿಕೆಯಲ್ಲಿ ತಪ್ಪಿರಲಿಲ್ಲ. ದೊಡ್ಡವರು ತಮ್ಮ ಯುದ್ಧಗಳಿಗೆ ಕೂಲಿಯಾಳುಗಳನ್ನು ಕೂಡಿಸಿ, ಕೆಲಸ ತೀರಿದ ಮೇಲೆ ಬಡವರ ಅಂಗಳದಲ್ಲಿ ಬಿಟ್ಟುಹೋಗುವವರೆಗೂ ಆ ಎಣಿಕೆ ಕಾಗದದ ಮೇಲೆ ಮಾತ್ರ ಸರಿಹೋಗುತ್ತದೆ. ಏಪ್ರಿಲ್ 27 ಇಂದಿಗೂ ಟೋಗೋದ ಸ್ವಾತಂತ್ರ್ಯ ದಿನವಾಗಿ ಉಳಿದಿದೆ. ಆ ದಿನವನ್ನು ಬಂದೂಕಿಲ್ಲದೆ, ಬರಿಯ ಕಾಗದಪತ್ರ, ಅಂಕಿಸಂಖ್ಯೆ, ತಾಳ್ಮೆಗಳಿಂದ ಗಳಿಸಿಕೊಟ್ಟವನು ಆತನೇ.